ಬಂಗುಡೆ ಬಲ್ಲವರು ಸುಶಿ ತಿನ್ನಲು ಹೋದಾಗ

ಜಪಾನಿ ಸುಶಿ ಹೋಟೆಲಿಗೆ ಫೋನ್ ಮಾಡಿ ಜಾಗ ಕಾದಿರಿಸುವಾಗ ಟೇಬಲ್ ಬೇಡ ಎನ್ನಿ, ಬಾಣಸಿಗನ ಎದುರಿನ ಕೌಂಟರ್ ಕೇಳಿ. ಜೊತೆಗೇ ಇನ್ನೊಂದು ಪ್ರಶ್ನೆ: ‘ಈ ವಾರ ನಮ್ಮ ಕಡಲಿನ ಮೀನು ಯಾವುದಿದೆ?’ ಮುಂಬಯಿಯಲ್ಲಿ ಸಾಲ್ಮನ್ ಬರುವುದು ವಿಮಾನದಲ್ಲಿ. ಅದನ್ನು ಎಲ್ಲಿಯಾದರೂ ತಿನ್ನಬಹುದು. ನಾನು ಹೋಗುವುದು ಬಂಗುಡೆಗಾಗಿ, ಅಂಜಲ್‌ಗಾಗಿ.

ನನ್ನ ಅಜ್ಜಿ ಮಲ್ಪೆಯಲ್ಲಿ ಬುಟ್ಟಿ ಹೊತ್ತು ಮೀನು ಮಾರಿದವರು. ನಾನು ಭಾನುವಾರ ನಸುಕಿಗೇ ಡೊಂಬಿವಲಿಯಿಂದ ಲೋಕಲ್ ಹಿಡಿದು ಮುಂಬಯಿಯ ಮೀನು ಬಂದರು ಭಾವುಚಾ ಧಕ್ಕಾಕ್ಕೆ ಹೋಗುವವನು. ಕಿವಿರು ಎತ್ತಿ ನೋಡಲು, ಬೆರಳಲ್ಲಿ ಒತ್ತಿದ ಕುಳಿ ತುಂಬಿಕೊಳ್ಳುತ್ತದೆಯೇ ಎಂದು ಕಾಯಲು ಬಲ್ಲವರು ಚಾಪ್‌ಸ್ಟಿಕ್ ಹಿಡಿಯಲು ಬಾರದೆಂದು ಅಳುಕಬೇಕಾಗಿಲ್ಲ. ಅನ್ನದ ಮೇಲೆ ಮೀನಿಟ್ಟು ಒತ್ತಿದ ನಿಗಿರಿಯನ್ನು ಜಪಾನಿನಲ್ಲೂ ಕೈಯಿಂದಲೇ ತಿನ್ನಬಹುದು. ಒದ್ದೆ ಟವೆಲ್ ಕೊಡುವುದು ಕೈಗೆ. ಮುಖ, ಕತ್ತು ಒರೆಸಿಕೊಳ್ಳಬೇಡಿ.

ಆದರೆ ಒಂದು ನಂಬಿಕೆಯನ್ನು ಬಾಗಿಲಾಚೆ ಬಿಟ್ಟು ಬನ್ನಿ: ಈಗಷ್ಟೇ ದೋಣಿಯಿಂದ ಇಳಿದದ್ದೇ ಶ್ರೇಷ್ಠ ಎಂಬುದು. ಪುಳಿಮುಂಚಿ ಸಾರಿಗೆ ಅದು ಸರಿ, ಹಸಿಯಾಗಿ ತಿನ್ನಲು ಅಲ್ಲ. ಕಡಲ ಮೀನಿನಲ್ಲಿ ಅನಿಸಾಕಿಸ್ ಎಂಬ ನೂಲಿನಂಥ ಹುಳು ಇರಬಹುದು. ಉಪ್ಪು, ವಿನೆಗರ್‌ಗೆ ಅದು ಬಗ್ಗುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟರೆ ಸಾಯುತ್ತದೆ. ಆದ್ದರಿಂದ ‘ಮೀನನ್ನು ಫ್ರೀಜ್ ಮಾಡಿದ್ದೀರಾ, ಎಷ್ಟು ದಿನ?’ ಎಂದು ಕೇಳಿಯೇ ಬಿಡಿ. ಬಲ್ಲ ಬಾಣಸಿಗ ದಿನದ ಲೆಕ್ಕ ಕೊಡುತ್ತಾನೆ. ‘ಎಲ್ಲ ಫ್ರೆಶ್ ಸರ್’ ಎಂದಷ್ಟೇ ನಗುವ ಕಡೆ ನಾನು ಬೆಂದ ಸಿಗಡಿಯಲ್ಲಿ ತೃಪ್ತಿಪಡುತ್ತೇನೆ. ಜೂನ್, ಜುಲೈನಲ್ಲಿ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಆಗ ‘ಇವತ್ತಿನ ಅಂಜಲ್’ ಎನ್ನುವವರ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿ.

ಕೌಂಟರಿನಲ್ಲಿ ಕುಳಿತರೆ ಬಂಗುಡೆಯ ಕೆಲಸ ಕಣ್ಣೆದುರೇ ನಡೆಯುತ್ತದೆ. ಉಪ್ಪು ಹಚ್ಚಿಟ್ಟು, ತೊಳೆದು, ವಿನೆಗರಿನಲ್ಲಿ ನೆನೆಸಿದ ಹೋಳು. ಅಂಚು ಬೆಳ್ಳಗಾಗಿದೆ, ನಡುವೆ ಇನ್ನೂ ನಸುಗೆಂಪು. ಬಾಣಸಿಗ ತಲೆಯ ಕಡೆಯಿಂದ ಪೊರೆಯಂಥ ಮೇಲುಸಿಪ್ಪೆಯನ್ನು ಎಳೆದ. ಬೆಳ್ಳಿಯ ಹೊಳಪು ಮಾತ್ರ ಉಳಿಯಿತು. ಅದರ ಮೇಲೆ ಎರಡು ಗೀರು, ಚಿಟಿಕೆ ಶುಂಠಿ. ಜಪಾನಿನಲ್ಲಿ ಸಾಬಾ ಮೀನಿಗೆ ಮಾಡುವ ಉಪಚಾರ ಇದು; ನಮ್ಮ ಬಂಗುಡೆ ಅದರ ದಾಯಾದಿ. ಅಂಜಲ್ ಇನ್ನೂ ಹತ್ತಿರದ ನೆಂಟ, ಅವರ ಸವಾರಾ ಮೀನಿನ ಕುಲದ್ದೇ. ಅದರ ಸಿಪ್ಪೆಯನ್ನು ಬೆಂಕಿಯಲ್ಲಿ ತುಸು ಸುಟ್ಟು ಕೊಡಲು ಹೇಳಿ.

ತಿನ್ನುವ ರೀತಿಯಲ್ಲಿ ಮೊದಲ ಸಲ ನಾನು ಮಾನ ಕಳೆದುಕೊಂಡೆ. ಅನ್ನದ ಕಡೆಯನ್ನು ಸೋಯಾ ಸಾಸಿಗೆ ಅದ್ದಿದೆ. ಅದು ಬಟ್ಟಲಿನಲ್ಲೇ ಸಾರನ್ನವಾಯಿತು. ತುಂಡನ್ನು ಮಗುಚಿ ಮೀನಿನ ಅಂಚನ್ನಷ್ಟೇ ತಾಗಿಸಬೇಕು. ಬಾಣಸಿಗ ಮೊದಲೇ ಸಾಸ್ ಸವರಿದ್ದರೆ ಅದೂ ಬೇಡ. ಒಂದೇ ತುತ್ತು, ಕೂಡಲೇ. ಫೋಟೋ ತೆಗೆಯುತ್ತಾ ಕುಳಿತರೆ ಅನ್ನದ ಬಿಸುಪು ಆರಿಹೋಗುತ್ತದೆ. ಪಕ್ಕದಲ್ಲಿಟ್ಟ ಶುಂಠಿ ಎರಡು ಮೀನುಗಳ ನಡುವೆ ಬಾಯಿ ಶುಚಿಗೆ, ನಂಜಿಕೊಳ್ಳಲು ಅಲ್ಲ. ಬಟ್ಟಲಲ್ಲಿ ಅನ್ನ ಕೊಟ್ಟರೆ ಅದರಲ್ಲಿ ಚಾಪ್‌ಸ್ಟಿಕ್ ಕಡ್ಡಿಗಳನ್ನು ನೆಟ್ಟಗೆ ಚುಚ್ಚಬೇಡಿ. ಅಲ್ಲಿ ಅದು ಸತ್ತವರಿಗೆ ಎಡೆ ಇಡುವ ಕ್ರಮ.

ಆಯ್ಕೆಯನ್ನು ಬಾಣಸಿಗನಿಗೇ ಬಿಡುವುದಕ್ಕೆ ಒಮಕಾಸೆ ಎನ್ನುತ್ತಾರೆ. ಬೆಲೆಯನ್ನು ಕೂರುವ ಮುಂಚೆ ಕೇಳಿ, ಕುಳಿತ ಮೇಲೆ ಅಲ್ಲ. ನೀವೇ ಆರಿಸುವುದಾದರೆ ಬೊಂಡಾಸ್‌ನಂಥ (ಸ್ಕ್ವಿಡ್) ಸಪ್ಪೆ ರುಚಿಯಿಂದ ಶುರುಮಾಡಿ, ಎಣ್ಣೆಯ ಬಂಗುಡೆಯನ್ನು ಕೊನೆಗಿಡಿ. ಅದು ಮೊದಲೇ ಬಂದರೆ ಮುಂದಿನದ್ದೆಲ್ಲ ನೀರುನೀರು.

ಮನೆಗೆ ಬಂದಾಗ ಹೆಂಡತಿ ಬಿಲ್ ನೋಡಿ, ‘ಇಷ್ಟಕ್ಕೆ ಎಷ್ಟು ಬಂಗುಡೆ?’ ಎಂದಳು. ‘ಎರಡು ತುಂಡು’ ಎಂದೆ. ಮುಂದಿನ ಭಾನುವಾರ ಧಕ್ಕಾಕ್ಕೆ ಅವಳೇ ಹೋದಳು.