ಉಪಗ್ರಹ ಚಿತ್ರದಿಂದ ಕೆರೆಯಂಗಳದವರೆಗೆ

ಬೇಲೂರು ಮತ್ತು ಹಳೇಬೀಡಿನ ನಡುವಣ ಒಂದು ಹಳ್ಳಿಯಲ್ಲಿ, ಫೆಬ್ರವರಿಯ ಬಿಸಿಲಿಗೆ ಸುತ್ತಲಿನ ಹೊಲಗಳೆಲ್ಲ ಒಣಗಿದ್ದಾಗ, ಸುಮಾರು ಎಂಟು ಎಕರೆ ನೆಲ ಮಾತ್ರ ಹಸಿರಾಗಿ ಉಳಿದಿರುವುದನ್ನು ನಾನು ಮೊದಲು ನೋಡಿದ್ದು ಹಾಸನದ ನನ್ನ ಮನೆಯಲ್ಲಿ ಕುಳಿತು, ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ. ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಸಮೀಪ ಅವರಕ್ತ (ಇನ್‌ಫ್ರಾರೆಡ್) ಕಿರಣಗಳನ್ನು ಹೇರಳವಾಗಿ ಹಿಂದಿರುಗಿಸುತ್ತದೆ. ಇವೆರಡನ್ನೂ ಹೋಲಿಸಿ ನೋಡಿದರೆ ಎಲ್ಲಿ ತೇವ ಉಳಿದಿದೆ ಎಂಬುದು ತಿಳಿಯುತ್ತದೆ. ಈ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಎಂಟು ಎಕರೆಗೆ ಸುಮಾರು 320 ಚುಕ್ಕಿಗಳಾಗುತ್ತವೆ. ಮಡಕೆ ಚೂರನ್ನಾಗಲಿ ಗೋಡೆಯ ಕಲ್ಲನ್ನಾಗಲಿ ಅದರಲ್ಲಿ ಕಾಣಲಾಗದು, ಆದರೆ ಹಸಿರಿನ ಆಕಾರ ಕಾಣುತ್ತದೆ. ನಾನು ಕಂಡ ಹಸಿರಿನ ಪೂರ್ವದ ಅಂಚು ಬಿಲ್ಲಿನಂತೆ ಬಾಗಿತ್ತು. ಬಾವಿಯ ನೀರಿನಿಂದ ಬೆಳೆದ ತೋಟ ಹೀಗೆ ಬಾಗಿರುವುದಿಲ್ಲ, ಸರ್ವೆ ನಂಬರಿನ ಗಡಿಗೆ ಸರಿಯಾಗಿ ನಿಲ್ಲುತ್ತದೆ.

ಹೊಯ್ಸಳರ ರಾಜಧಾನಿಯ, ಅಂದರೆ ಈಗಿನ ಹಳೇಬೀಡಿನ, ಹೆಸರೇ ದೋರಸಮುದ್ರ. ಊರಿಗೆ ಹೆಸರು ಬಂದದ್ದು ಕೆರೆಯಿಂದ. ಆದರೂ ನಾವು ಆ ಕಾಲವನ್ನು ಬಹುಮಟ್ಟಿಗೆ ದೇವಾಲಯಗಳ ಮೂಲಕವೇ ಅರಿಯುತ್ತೇವೆ. ಕಲ್ಲುಕುಟಿಗರಿಗೆ ಅಕ್ಕಿ ಬೆಳೆದುಕೊಟ್ಟ ಗದ್ದೆ, ಆ ಗದ್ದೆಗೆ ಕೆರೆಯ ನೀರು ಹರಿಸಿದ ತೂಬು, ತೂಬನ್ನು ಕಾಯುತ್ತಿದ್ದವರ ಊರು ಎಲ್ಲಿದ್ದವು ಎಂದು ಕೇಳುವುದು ಕಡಿಮೆ. ಈ ಸಮೀಕ್ಷೆಗೆ ನಾನು ಇಳಿದದ್ದು ಆ ಪ್ರಶ್ನೆಗಾಗಿ.

ಹಸಿರನ್ನು ಕಂಡ ಮೇಲೆ ತೆರೆದದ್ದು ಕರೋನಾ ಉಪಗ್ರಹಗಳ ಕಪ್ಪುಬಿಳುಪು ಚಿತ್ರಗಳನ್ನು. ಅಮೆರಿಕವು 1960ರಿಂದ 1972ರವರೆಗೆ ಗೂಢಚರ್ಯೆಗಾಗಿ ತೆಗೆದು, 1995ರಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟ ಚಿತ್ರಗಳಿವು. ನಮ್ಮ ಜಿಲ್ಲೆಯ ಮಟ್ಟಿಗೆ ಇವುಗಳ ಬೆಲೆ ದೊಡ್ಡದು, ಏಕೆಂದರೆ ಗೊರೂರಿನ ಹೇಮಾವತಿ ಜಲಾಶಯ 1979ರಲ್ಲಿ ಪೂರ್ಣಗೊಂಡಿತು, ಬೇಲೂರಿನ ಬಳಿಯ ಯಗಚಿ ಜಲಾಶಯ 2001ರಲ್ಲಿ. ಇಂದು ನೀರಿನಡಿ ಇರುವ ಹೊಲ, ದಾರಿ, ಊರುಗಳು ಆ ಚಿತ್ರಗಳಲ್ಲಿ ಬಯಲಿನಲ್ಲಿವೆ. ತೊಂದರೆಯೆಂದರೆ ಅವುಗಳಲ್ಲಿ ಅಕ್ಷಾಂಶ ರೇಖಾಂಶಗಳಿಲ್ಲ, ಅಂಚಿನ ಕಡೆಗೆ ನೆಲದ ಆಕಾರ ತಿರುಚಿದಂತೆ ಕಾಣುತ್ತದೆ. ಇಂದಿಗೂ ಬದಲಾಗದ ಗುರುತುಗಳನ್ನು, ಅಂದರೆ ಹಳೆಯ ಕೆರೆ ಏರಿಗಳ ತುದಿ, ದೇವಾಲಯದ ಪ್ರಾಕಾರದ ಮೂಲೆ, ಬಂಡೆಗಳನ್ನು ಹುಡುಕಿ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಒಂದೊಂದಾಗಿ ಜೋಡಿಸಬೇಕು. ಹಳ್ಳಿಯ ಆ ತುಣುಕಿಗೆ ನನಗೆ ನಾಲ್ಕು ಸಂಜೆ ಹಿಡಿಯಿತು. ಜೋಡಿಸಿ ಮುಗಿದಾಗ ಹಸಿರಿನ ಪೂರ್ವದ ಅಂಚಿನಲ್ಲೇ ಹಳೆಯ ಕೆರೆಯ ಏರಿಯಂತೆ ಬಿಳಿಯ ಬಾಗುಗೆರೆಯೊಂದು ಇತ್ತು, ನಡುವೆ ಒಡೆದಿತ್ತು.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಬೇಕು. ಅದೇ ಹಳ್ಳಿಯ ಉತ್ತರಕ್ಕೆ ಈಗಿನ ಚಿತ್ರದಲ್ಲಿ ನೇರವಾದ ಉಬ್ಬುಗೆರೆಯೊಂದನ್ನು ಕಂಡು, ಕೋಟೆಗೋಡೆಯ ತಳವಿರಬೇಕೆಂದು ನಂಬಿ, ಎರಡು ವಾರ ಅದರ ಹಿಂದೆಯೇ ಇದ್ದೆ. ಕರೋನಾ ಚಿತ್ರದಲ್ಲಿ ಅದು ಇರಲೇ ಇಲ್ಲ. ಆಮೇಲೆ ವಿಚಾರಿಸಿದರೆ, ಮಣ್ಣು ಕೊಚ್ಚಿಹೋಗದಂತೆ ಈಚಿನ ದಶಕಗಳಲ್ಲಿ ಹಾಕಿದ ಬದುವೆಂದು ತಿಳಿಯಿತು. ಅಂದಿನಿಂದ ಹಳೆಯ ಚಿತ್ರದಲ್ಲಿಯೂ ಇರುವ ಗೆರೆಯನ್ನು ಮಾತ್ರ ನೆಲದ ಮೇಲೆ ಹುಡುಕಲು ಹೋಗುತ್ತೇನೆ.

ನೆಲದ ಕೆಲಸಕ್ಕೆ ಈ ಭಾಗದಲ್ಲಿ ಒಂದೇ ಒಳ್ಳೆಯ ಕಾಲವಿದೆ: ಮುಂಗಾರಿಗೆ ಮುಂಚಿನ ಒಂದೆರಡು ಮಳೆ ಬಿದ್ದು, ಹೊಲ ಉತ್ತು, ಆಲೂಗಡ್ಡೆ ಬಿತ್ತನೆ ಇನ್ನೂ ಆರಂಭವಾಗದ ಕೆಲವೇ ದಿನಗಳು. ಹಳೆಯ ಊರಿದ್ದ ಗುರುತಾಗಿ ನೇಗಿಲು ಮೇಲಕ್ಕೆತ್ತಿದ ಮಡಕೆ ಚೂರುಗಳ ಮಣ್ಣನ್ನು ಮಳೆ ತೊಳೆದಿರುತ್ತದೆ. ನಾವು ಐವರು ಹತ್ತು ಹತ್ತು ಮೀಟರ್ ಅಂತರದಲ್ಲಿ ಸಾಲಾಗಿ ನಿಂತು, ಎಡಬಲಕ್ಕೆ ಒಂದೊಂದು ಮೀಟರ್ ಮಾತ್ರ ನೋಡುತ್ತ ನಡೆದೆವು. ಪ್ರತಿ ಐವತ್ತು ಹೆಜ್ಜೆಗೆ ಚೂರುಗಳನ್ನು ಎಣಿಸಿ, ಜಿಪಿಎಸ್ ಸ್ಥಾನ ಬರೆದು, ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಚೂರುಗಳನ್ನು ಇದ್ದಲ್ಲಿಯೇ ಬಿಟ್ಟೆವು. ಒಂದು ಹಿಡಿಯಷ್ಟೂ ಅಗೆಯಲಿಲ್ಲ. ಉತ್ಖನನಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಬೇಕು, ನಮ್ಮ ಕೆಲಸ ಮೇಲ್ಮೈಯದು ಮಾತ್ರ. ಚೂರುಗಳು ಇಲ್ಲದಿರುವ ಸಾಲನ್ನೂ ಬರೆದುಕೊಳ್ಳಬೇಕೆಂದು ತಂಡದ ಹುಡುಗರಿಗೆ ಮತ್ತೆ ಮತ್ತೆ ಹೇಳಬೇಕಾಯಿತು. ಸೊನ್ನೆ ಬರೆಯದ ಪುಸ್ತಕದಿಂದ ಊರಿನ ಎಲ್ಲೆ ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ.

ಹಸಿರು ನೆಲದೊಳಗೆ ಒಂದೂ ಚೂರಿರಲಿಲ್ಲ. ಅದರ ಬಡಗಣ ದಿಣ್ಣೆಯ ಮೇಲೆ ದಟ್ಟವಾಗಿದ್ದವು. ಬಾಗುಗೆರೆಯಿದ್ದಲ್ಲಿ ಮೊಣಕಾಲೆತ್ತರದ ಮಣ್ಣಿನ ಏರು, ಅದರ ಒಂದು ಮಗ್ಗುಲಿಗೆ ಜೋಡಿಸಿದ ಕಲ್ಲುಗಳು, ಲಂಟಾನದ ಪೊದೆಯೊಳಗೆ ಎರಡು ಕಲ್ಲುಕಂಬ, ಅವುಗಳ ನಡುವೆ ಅಡ್ಡ ಹಾಸಿದ, ತೂತು ಕೊರೆದ ಕಲ್ಲು. ತೂಬು ಮುಚ್ಚುವ ಕೋಲು ಆ ತೂತಿನೊಳಗಿಂದ ಇಳಿಯುತ್ತಿತ್ತು. ಪಕ್ಕದ ಹೊಲದ ಹಿರಿಯರು ನಮ್ಮನ್ನು ಬಹಳ ಹೊತ್ತು ನೋಡುತ್ತಿದ್ದು, "ಇದನ್ನ ಹೊಲ ಅಂತ ಯಾರು ಹೇಳಿದ್ರು ಸ್ವಾಮಿ? ನಮ್ಮಜ್ಜ ಕೆರೆಯಂಗಳ ಅಂತಲೇ ಕರೀತಿದ್ದ, ಅಗೋ ಆ ದಿಣ್ಣೆ ಹಾಳೂರು" ಎಂದರು. ಅವರನ್ನು ಮೊದಲ ದಿನವೇ ಕೇಳಬೇಕಿತ್ತು. ಈಗ ಯಾವ ಊರಿಗೆ ಹೋದರೂ ಹೊಲಗಳ ಹೆಸರನ್ನು ಮೊದಲು ಬರೆದುಕೊಂಡು, ಚಿತ್ರಗಳನ್ನು ಅದರ ಜೊತೆಗಿಟ್ಟು ನೋಡುತ್ತೇನೆ.

ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟವೂ ಇದೇ ರೀತಿ ಉಪಯೋಗಕ್ಕೆ ಬರುತ್ತದೆ. ದತ್ತಿ ಶಾಸನಗಳು ಗದ್ದೆಯ ಎಲ್ಲೆಯನ್ನು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಹೇಳುವಾಗ ಕೆರೆ, ಕೋಡಿ, ಬಂಡೆ, ಮರಗಳನ್ನು ಹೆಸರಿಸುತ್ತವೆ. ಮರ ಹೋಗಿರುತ್ತದೆ, ಬಂಡೆ ಇರುತ್ತದೆ.

ಈ ವಿಧಾನ ಎಲ್ಲೆಡೆಗೂ ಒಗ್ಗದು. ಹೊಯ್ಸಳರ ಮೂಲಸ್ಥಾನವೆನ್ನುವ ಮೂಡಿಗೆರೆ ತಾಲ್ಲೂಕಿನ ಅಂಗಡಿಯಂಥ ಕಡೆ ಕಾಫಿ ಗಿಡ, ಅದರ ಮೇಲೆ ನೆರಳಿನ ಮರ. ಮೇಲಿನಿಂದ ನೋಡಿದರೆ ವರ್ಷವಿಡೀ ಎಲೆಗಳೇ. ಅಲ್ಲಿ ಕಾಲ್ನಡಿಗೆಯೊಂದೇ ದಾರಿ.

ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನನಗಾದ ಸಂತೋಷ ಹೇಳತೀರದು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶವಾಗಿರುತ್ತದೆ. ನಾವು ಕಂಡ ತೂಬಿಗೆ ಆ ರಕ್ಷಣೆಯಿಲ್ಲ, ಜೆಸಿಬಿ ಅರ್ಧ ದಿನದಲ್ಲಿ ಅದನ್ನು ಮಟ್ಟ ಮಾಡಬಲ್ಲದು. ಹೊಲದ ಯಜಮಾನರು ಕಂಬಗಳನ್ನು ಕೀಳುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ. ಕೋಡಿಯ ನೀರು ಇಳಿದುಹೋಗುತ್ತಿದ್ದ ದಿಕ್ಕಿನಲ್ಲಿ, ಒಂದೂವರೆ ಕಿಲೋಮೀಟರ್ ಕೆಳಗೆ, ಕರೋನಾ ಚಿತ್ರದಲ್ಲಿ ಮತ್ತೊಂದು ಬಾಗುಗೆರೆಯಿದೆ. ಬರುವ ಏಪ್ರಿಲ್‌ನಲ್ಲಿ, ಮೊದಲ ಮಳೆಯ ಮರುದಿನ, ಅಲ್ಲಿಗೆ ಹೋಗುತ್ತೇವೆ.