ಯಾವಾಗ ಕೈ ಹಾಕಬೇಕು, ಯಾವಾಗ ಹಾಕಬಾರದು: ಪ್ರಥಮ ಚಿಕಿತ್ಸೆಯಲ್ಲಿ ನನ್ನ ಅನುಭವ

ಕೆಲಸದ ಜಾಗದಲ್ಲಿ ಪ್ರಥಮ ಚಿಕಿತ್ಸೆಯ ಜವಾಬ್ದಾರಿ ಕೆಲವು ವರ್ಷಗಳಿಂದ ನನ್ನ ಮೇಲಿದೆ. ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ತರಬೇತಿ ತಗೊಂಡಿದ್ದೇನೆ, ಆಗಾಗ ಅದನ್ನು ಮತ್ತೆ ಮಾಡುತ್ತೇನೆ, ಯಾರಾದರೂ ಬಿದ್ದರೆ ಮೊದಲು ಓಡುತ್ತೇನೆ, ಅಷ್ಟೇ. ಇಷ್ಟು ದಿನ ನೋಡಿದ್ದರಲ್ಲಿ ನನಗೆ ಅನ್ನಿಸಿದ್ದು ಏನಂದರೆ, ಸುಮ್ಮನಿರಬೇಕಾದ ಕಡೆ ಜನ ಏನೇನೋ ಮಾಡುತ್ತಾರೆ. ಮಾಡಲೇಬೇಕಾದ ಕಡೆ ಮಾತ್ರ ಕೈ ಕಟ್ಟಿ ನಿಲ್ಲುತ್ತಾರೆ.

ಮಾಡಲೇಬೇಕಾದದ್ದು ಅಂದರೆ ಹೃದಯ ನಿಂತಾಗ ಎದೆ ಒತ್ತುವುದು. ಒಂದು ಸಲ ಕಾರಿಡಾರಿನಲ್ಲಿ ಒಬ್ಬರು ಕುಸಿದು ಬಿದ್ದರು. ನಾನು ಹೋಗುವಷ್ಟರಲ್ಲಿ ಸುತ್ತ ಜನ ಸೇರಿದ್ದರು, "ಉಸಿರಾಡ್ತಾ ಇದ್ದಾರೆ, ನೀರು ಕೊಡಿ" ಅಂತ ಯಾರೋ ಹೇಳುತ್ತಿದ್ದರು. ಬಿದ್ದವರು ಬಾಯಿ ತೆರೆದು ಗೊರಕೆಯಂಥ ಸದ್ದಿನಲ್ಲಿ ಒಮ್ಮೆ ಉಸಿರೆಳೆದರು, ಆಮೇಲೆ ಏನೂ ಇಲ್ಲ, ಸ್ವಲ್ಪ ಹೊತ್ತಾದ ಮೇಲೆ ಮತ್ತೊಂದು. ಇದು ಉಸಿರಾಟವಲ್ಲ. ಹೃದಯ ನಿಂತ ಮೇಲೂ ಕೆಲವು ನಿಮಿಷ ಹೀಗೆ ಬಿಟ್ಟುಬಿಟ್ಟು ಏದುಸಿರು ಬರುತ್ತದೆ, ಇದನ್ನು ನೋಡಿಯೇ ಎಷ್ಟೋ ಜನ ಮೋಸ ಹೋಗುತ್ತಾರೆ. ಭುಜ ತಟ್ಟಿ ಜೋರಾಗಿ ಕೂಗಿದೆ, ಉತ್ತರ ಇಲ್ಲ. ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಎದೆ ಸರಿಯಾಗಿ ಏರಿಳಿಯುತ್ತಿದೆಯಾ ಅಂತ ನೋಡಿದೆ. ಇದಕ್ಕೆ 10 ಸೆಕೆಂಡಿಗಿಂತ ಜಾಸ್ತಿ ತಗೊಳ್ಳಬಾರದು. ನಾಡಿ ಹುಡುಕುತ್ತಾ ಕೂರಲಿಲ್ಲ. ಗಾಬರಿಯಲ್ಲಿ ನಮ್ಮದೇ ಬೆರಳಿನ ಬಡಿತ ನಮಗೆ ಕೇಳಿಸುತ್ತದೆ.

"ಯಾರಾದರೂ ಆಂಬುಲೆನ್ಸಿಗೆ ಫೋನ್ ಮಾಡಿ" ಅಂತ ಕೂಗಿದರೆ ಯಾರೂ ಮಾಡುವುದಿಲ್ಲ, ಬೇರೆಯವರು ಮಾಡಿರಬಹುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಾಗಿ ಬೆರಳು ತೋರಿಸಿಯೇ ಹೇಳಿದೆ: "ನೀಲಿ ಅಂಗಿಯವರೇ, ನೀವು ಫೋನ್ ಮಾಡಿ, ಸ್ಪೀಕರ್ ಹಾಕಿ ಇಲ್ಲೇ ಇಡಿ. ನೀವು ಹೋಗಿ ಎಇಡಿ ಪೆಟ್ಟಿಗೆ ತನ್ನಿ." ಎಇಡಿ ಅಂದರೆ ಹೃದಯದ ಬಡಿತ ನೋಡಿ, ಬೇಕಿದ್ದರೆ ವಿದ್ಯುತ್ ಷಾಕ್ ಕೊಡುವ ಸಣ್ಣ ಯಂತ್ರ.

ಇನ್ನು ಒತ್ತುವ ವಿಷಯ. ಎದೆಯ ನಟ್ಟನಡುವೆ, ಎದೆಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಬುಡ ಇಡಬೇಕು, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚಬಾರದು. ಭುಜ ಕೈಗಳ ನೇರ ಮೇಲೆ ಬರುವಂತೆ ಬಾಗಿ ಮೈಭಾರ ಬಿಡಬೇಕು, ತೋಳಿನ ಬಲದಲ್ಲಿ ಒತ್ತಿದರೆ ಒಂದೇ ನಿಮಿಷಕ್ಕೆ ಸೋತುಹೋಗುತ್ತೀರಿ. ದೊಡ್ಡವರಿಗೆ 5 ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100 ರಿಂದ 120 ಸಲ. ಓದುವಾಗ ಕಡಿಮೆ ಅನ್ನಿಸುತ್ತದೆ, ನಿಜವಾದ ಮನುಷ್ಯನ ಎದೆ ಅಷ್ಟು ಒಳಗೆ ಹೋಗುವುದನ್ನು ನೋಡಿದರೆ ಮೊದಲ ಸಲ ಭಯವೇ ಆಗುತ್ತದೆ. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು, ಯಾಕೆಂದರೆ ಆಗಲೇ ಹೃದಯಕ್ಕೆ ರಕ್ತ ತುಂಬಿಕೊಳ್ಳುವುದು. ನಾನು ಜೋರಾಗಿ ಎಣಿಸುತ್ತೇನೆ, ಇಲ್ಲದಿದ್ದರೆ ವೇಗ ತಪ್ಪುತ್ತದೆ.

ಪಕ್ಕೆಲುಬು ಲಟಕ್ ಅನ್ನುತ್ತದೆ. ಇದನ್ನು ಮೊದಲೇ ಹೇಳುವುದು ಒಳ್ಳೆಯದು, ಯಾಕೆಂದರೆ ಆ ಸದ್ದಿಗೆ ಹೆದರಿ ಕೈ ತೆಗೆದುಬಿಡುವವರು ಇದ್ದಾರೆ. ಕೈ ಸರಿಯಾದ ಜಾಗದಲ್ಲಿದೆಯಾ ನೋಡಿ, ಮುಂದುವರಿಸಿ. ಮುರಿದ ಎಲುಬು ಕೂಡುತ್ತದೆ, ರಕ್ತ ಹೋಗದೆ ಸತ್ತ ಮಿದುಳು ವಾಪಸ್ ಬರುವುದಿಲ್ಲ.

ತರಬೇತಿ ಇದ್ದವರು 30 ಸಲ ಒತ್ತಿ 2 ಉಸಿರು ಕೊಡುತ್ತಾರೆ. ಗೊತ್ತಿಲ್ಲದಿದ್ದರೆ, ಅಥವಾ ಅಪರಿಚಿತರ ಬಾಯಿಗೆ ಬಾಯಿ ಇಡಲು ಮನಸ್ಸಿಲ್ಲದಿದ್ದರೆ, ನಿಲ್ಲಿಸದೆ ಬರೀ ಒತ್ತಿದರೂ ಆಗುತ್ತದೆ. ಆದರೆ ನೀರಲ್ಲಿ ಮುಳುಗಿದವರಿಗೆ ಮತ್ತು ಮಕ್ಕಳಿಗೆ ಉಸಿರು ಕೊಡುವುದು ಬಹಳ ಮುಖ್ಯ, ಅಲ್ಲಿ ಸಾಮಾನ್ಯವಾಗಿ ಮೊದಲು ನಿಲ್ಲುವುದು ಉಸಿರು, ಹೃದಯ ಆಮೇಲೆ. 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ನನಗೆ ಸುಸ್ತಾಗಿಲ್ಲ ಅಂತ ಹಟ ಮಾಡಬೇಡಿ, ನಿಮಗೆ ಗೊತ್ತಾಗುವ ಮೊದಲೇ ಆಳ ಕಡಿಮೆಯಾಗಿರುತ್ತದೆ.

ಎಇಡಿ ಬಂದರೆ ಆನ್ ಮಾಡಿ, ಅದೇ ಮಾತಾಡುತ್ತದೆ. ಎದೆ ಒದ್ದೆಯಿದ್ದರೆ ಒರೆಸಿ ಒಂದು ಪ್ಯಾಡ್ ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಪಕ್ಕಕ್ಕೆ ಅಂಟಿಸುವುದು. ಷಾಕ್ ಬೇಕಿಲ್ಲದ ಹೃದಯಕ್ಕೆ ಅದು ಷಾಕ್ ಕೊಡುವುದಿಲ್ಲ, ಹಾಗಾಗಿ ಹೆದರಬೇಕಿಲ್ಲ. ಕೊಡುವಾಗ ಯಾರೂ ಮುಟ್ಟಬಾರದು, ಕೊಟ್ಟ ತಕ್ಷಣ ಮತ್ತೆ ಒತ್ತಲು ಶುರು. ಅವತ್ತು ನಾವು ಮೂವರು ಸರದಿಯಲ್ಲಿ ಒತ್ತಿದೆವು. ಆಂಬುಲೆನ್ಸ್ ಬರುವಷ್ಟರಲ್ಲಿ ಯಂತ್ರ ಒಂದು ಷಾಕ್ ಕೊಟ್ಟಿತ್ತು. ಅವರು ಬದುಕಿದರು. ಇನ್ನೊಮ್ಮೆ ಹೀಗೇ ಮಾಡಿದಾಗ ಉಳಿಯಲಿಲ್ಲ, ಅದೂ ಆಗುತ್ತದೆ.

ಎದೆ ತೆರೆಯದೆ ಹೊರಗಿನಿಂದ ಒತ್ತಿದರೂ ರಕ್ತ ಓಡುತ್ತದೆ ಅಂತ 1960ರಲ್ಲಿ ಬರೆದು ತೋರಿಸಿದ ಮೂವರಲ್ಲಿ ಒಬ್ಬರಾದ ಕೌವೆನ್‌ಹೊವೆನ್ ಎಲೆಕ್ಟ್ರಿಕಲ್ ಇಂಜಿನಿಯರ್. ನನ್ನಂಥವರಿಗೆ ಇದರಿಂದ ಸ್ವಲ್ಪ ಧೈರ್ಯ ಬರುತ್ತದೆ, ಅಲ್ವಾ?

ಉಳಿದ ಕಡೆ ನನ್ನ ಕೆಲಸ ಹೆಚ್ಚಾಗಿ ಬೇರೆಯವರ ಕೈ ತಡೆಯುವುದು. ಫಿಟ್ಸ್ ಬಂದಾಗ ಬಾಯಿಗೆ ಚಮಚ ತುರುಕಲು ಯಾರಾದರೂ ಬಂದೇ ಬರುತ್ತಾರೆ. ನಾಲಗೆ ನುಂಗಿಹೋಗುವುದಿಲ್ಲ, ಚಮಚದಿಂದ ಹಲ್ಲು ಮುರಿಯುತ್ತದೆ. ಕೈಕಾಲು ಅದುಮಿ ಹಿಡಿಯುವುದೂ ಬೇಡ. ಸುತ್ತಲಿನ ಕುರ್ಚಿ ಮೇಜು ಸರಿಸಿ, ತಲೆ ಕೆಳಗೆ ಏನಾದರೂ ಮೆತ್ತಗಿನದು ಇಟ್ಟು, ಗಡಿಯಾರ ನೋಡುತ್ತಾ ಇರಬೇಕು. 5 ನಿಮಿಷ ದಾಟಿದರೆ ಆಂಬುಲೆನ್ಸ್. ನಡುಕ ನಿಂತ ಮೇಲೆ ಉಸಿರು ಸರಿಯಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸುವುದು. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬಾರದು, ಒಂದು ಗುಟುಕು ನೀರೂ ಬೇಡ.

ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಬೇಡ, ಐಸ್ ಬೇಡ, 20 ನಿಮಿಷ ಹರಿಯುವ ತಣ್ಣೀರು. ಜನಕ್ಕೆ ಈ 20 ನಿಮಿಷವೇ ಕಷ್ಟ, ಎರಡು ನಿಮಿಷಕ್ಕೇ ನಲ್ಲಿ ನಿಲ್ಲಿಸುತ್ತಾರೆ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕಲ್ಲ, ಮುಂದಕ್ಕೆ. ಮೂಗಿನ ಮೆತ್ತಗಿನ ಭಾಗ ಹಿಡಿದು 10 ನಿಮಿಷ ಬಿಡದೆ ಒತ್ತಬೇಕು. ದೊಡ್ಡ ಗಾಯದಲ್ಲಿ ರಕ್ತ ಸುರಿಯುತ್ತಿದ್ದರೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಿಂತಿತಾ ಅಂತ ಎತ್ತಿ ಎತ್ತಿ ನೋಡಬೇಡಿ.

ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಾಗ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಅದಕ್ಕಿಂತ ಒಳ್ಳೆಯ ಉಪಾಯ ನಮ್ಮ ಹತ್ತಿರ ಇಲ್ಲ. ಮಾತು, ಕೆಮ್ಮು ಎರಡೂ ನಿಂತರೆ ಮಾತ್ರ ಮುಂದಕ್ಕೆ ಬಾಗಿಸಿ ಎರಡು ಭುಜದೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಏಟು, ಹೋಗದಿದ್ದರೆ ಹಿಂದೆ ನಿಂತು ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ 5 ಸಲ ಎಳೆಯುವುದು, ಹೋಗುವವರೆಗೂ ಹೀಗೇ. ವರ್ಷ ತುಂಬದ ಮಗುವಿಗೆ, ಗರ್ಭಿಣಿಯರಿಗೆ ಹೊಟ್ಟೆ ಒತ್ತಬಾರದು, ಎದೆ ಒತ್ತಬೇಕು. ಪ್ರಜ್ಞೆ ತಪ್ಪಿದರೆ ಮಲಗಿಸಿ ಸಿಪಿಆರ್, ಅಂದರೆ ಮೇಲೆ ಹೇಳಿದ ಹಾಗೆ ಎದೆ ಒತ್ತಿ ಉಸಿರು ಕೊಡುವುದನ್ನು, ಶುರು ಮಾಡುವುದೇ.

ಇದನ್ನೆಲ್ಲ ಓದಿ ಕಲಿಯಲು ಆಗುವುದಿಲ್ಲ. ಒಮ್ಮೆಯಾದರೂ ತರಬೇತಿಯ ಗೊಂಬೆಯ ಮೇಲೆ ಪೂರ್ತಿ 2 ನಿಮಿಷ ಒತ್ತಿ ನೋಡಿ. ನೀವು ದಿನಾ ಹೋಗುವ ಜಾಗದಲ್ಲಿ ಎಇಡಿ ಎಲ್ಲಿದೆ ಅಂತ ತಿಳಿದುಕೊಳ್ಳಿ. ಹಾಗೇ ಅದರ ಪ್ಯಾಡಿನ ಮೇಲಿರುವ ದಿನಾಂಕವನ್ನೂ ನೋಡಿ, ಅದಕ್ಕೂ ಅವಧಿ ಮುಗಿಯುತ್ತದೆ.