ಅಮೆರಿಕದಲ್ಲಿ ಕಾರಿನ ಗಾಜಿಗೆ ಟಿಂಟ್: ಹೊಸಬರು ಹಾಕಬೇಕಾದ ಲೆಕ್ಕ

2012ರ ಏಪ್ರಿಲ್ 27ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಊರಲ್ಲಿ ಪೊಲೀಸರು ಕಾರಿನ ಗಾಜಿನ ಕಪ್ಪು ಫಿಲ್ಮ್, ಅಂದರೆ ಟಿಂಟ್, ಕೀಳಿಸುತ್ತಿದ್ದುದನ್ನು ನೋಡಿ ಬಂದವರಿಗೆ, ಟೆಕ್ಸಾಸ್ ರಾಜ್ಯದ ಡಲ್ಲಾಸಿನ ಪಾರ್ಕಿಂಗ್ ಲಾಟಿನಲ್ಲಿ ಸಾಲಾಗಿ ನಿಂತ ಕಪ್ಪು ಗಾಜಿನ ಕಾರುಗಳನ್ನು ಕಂಡರೆ ಇಲ್ಲಿ ಕೇಳುವವರೇ ಇಲ್ಲ ಅನಿಸುತ್ತದೆ. ಹಾಗಿಲ್ಲ. ಇಲ್ಲಿ ಕಾನೂನು ರಾಜ್ಯಕ್ಕೊಂದು ತರಹ, ಮತ್ತು ಅದರ ಬಿಗಿಯೆಲ್ಲ ಡ್ರೈವರ್ ಹಾಗೂ ಪಕ್ಕದ ಸೀಟಿನ ಕಿಟಕಿಗಳ ಮೇಲೆ. ಎರಡೂ ಕಡೆ ಸೈಡ್ ಮಿರರ್ ಇದ್ದರೆ ಹಿಂದಿನ ಗಾಜುಗಳಿಗೆ ಬಹಳಷ್ಟು ರಾಜ್ಯಗಳು ಸಡಿಲ ಬಿಡುತ್ತವೆ.

ಅಳತೆಯ ಹೆಸರು ವಿಎಲ್‌ಟಿ, ಅಂದರೆ ಗಾಜಿನ ಮೂಲಕ ಒಳಗೆ ಬರುವ ಬೆಳಕು ಶೇಕಡ ಎಷ್ಟು ಅನ್ನುವುದು. ಅಂಕಿ ಕಡಿಮೆಯಾದಷ್ಟೂ ಗಾಜು ಕಪ್ಪು. ಟೆಕ್ಸಾಸಿನಲ್ಲಿ ಮುಂದಿನ ಕಿಟಕಿಗೆ ಕನಿಷ್ಠ 25 ಇರಬೇಕು. ವಾಷಿಂಗ್ಟನ್ ರಾಜ್ಯದಲ್ಲಿ 24, ಮ್ಯಾಸಚೂಸೆಟ್ಸಿನಲ್ಲಿ 35, ವರ್ಜೀನಿಯಾದಲ್ಲಿ 50, ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದಲ್ಲಿ 70. ನ್ಯೂಜೆರ್ಸಿಯಲ್ಲಿ ವೈದ್ಯಕೀಯ ಅನುಮತಿ ಇಲ್ಲದೆ ಮುಂದಿನ ಕಿಟಕಿಗಳಿಗೆ ಫಿಲ್ಮ್ ಹಚ್ಚುವಂತೆಯೇ ಇಲ್ಲ. ಡಲ್ಲಾಸಿನಿಂದ ನ್ಯೂಜೆರ್ಸಿಯ ಎಡಿಸನ್ನಿಗೆ ಕೆಲಸ ಬದಲಿಸಿ ಹೋಗುವವರು ಮನೆ ಸಾಮಾನಿನ ಜೊತೆ ಫಿಲ್ಮ್ ತೆಗೆಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಹಳ ಜನ ಎಡವುವುದು ಗುಣಾಕಾರದಲ್ಲಿ. ಅಂಗಡಿಯವರು ಹೇಳುವ 35 ಬರೀ ಫಿಲ್ಮಿನದು. ಪೊಲೀಸರ ಮೀಟರ್ ಓದುವುದು ಫಿಲ್ಮ್ ಮತ್ತು ಗಾಜು ಎರಡನ್ನೂ ಸೇರಿಸಿ. ಕಾರ್ಖಾನೆಯ ಮುಂದಿನ ಗಾಜೇ ಸಾಮಾನ್ಯವಾಗಿ 70ರಿಂದ 80ರೊಳಗೆ ಇರುತ್ತದೆ. ಗಾಜು 75 ಇದ್ದು ಅದರ ಮೇಲೆ 35ರ ಫಿಲ್ಮ್ ಕೂತರೆ ಸಿಗುವುದು 75ರ ಶೇಕಡ 35, ಅಂದರೆ ಸುಮಾರು 26. ಟೆಕ್ಸಾಸಿಗೆ ಸಾಕು, ಮ್ಯಾಸಚೂಸೆಟ್ಸಿಗೆ ಸಾಲದು. ಅದೇ ಗಾಜು 70 ಇದ್ದರೆ 24.5 ಆಗುತ್ತದೆ, ಟೆಕ್ಸಾಸಿನಲ್ಲೂ ಗೆರೆಯ ಕೆಳಗೆ. ಅದಕ್ಕೇ ಅಲ್ಲಿ 40ರ ಫಿಲ್ಮ್ ಹಾಕಿಸುವುದು ಒಳ್ಳೆಯದು. ಕ್ಯಾಲಿಫೋರ್ನಿಯಾದಲ್ಲಿ ಷರತ್ತು ಎರಡು: ಫಿಲ್ಮ್ ಕನಿಷ್ಠ 88 ಇರಬೇಕು, ಗಾಜಿನ ಜೊತೆ ಸೇರಿ 70ಕ್ಕಿಂತ ಕೆಳಗೆ ಇಳಿಯಬಾರದು. ಗಾಜು 80 ಇದ್ದರೆ 70.4 ಬಂದು ಪಾಸಾಗುತ್ತದೆ, 75 ಇದ್ದರೆ 66 ಬಂದು ಸಿಕ್ಕಿಬೀಳುತ್ತೀರಿ. ಹಾಗಾಗಿ ಮೊದಲು ಬರೀ ಗಾಜಿಗೆ ಮೀಟರ್ ಹಿಡಿಸಿ, ಆಮೇಲೆ ಫಿಲ್ಮ್ ಆರಿಸಿ. ಹಚ್ಚಿದ ಮೇಲೆ ಇನ್ನೊಮ್ಮೆ ಅಳೆಸಿ, ಬಂದ ಅಂಕಿಯನ್ನು ರಸೀದಿಯಲ್ಲಿ ಬರೆಸಿಕೊಳ್ಳಿ.

ಬಿಸಿಲಿಗಾಗಿ ಟಿಂಟ್ ಮಾಡಿಸುವವರಿಗೆ ಒಂದು ಮಾತು: ಕಪ್ಪಾದಷ್ಟೂ ತಂಪು ಅನ್ನುವುದು ತಪ್ಪು. ಸೆಖೆ ತರುವ ಇನ್ಫ್ರಾರೆಡ್ ಕಿರಣವನ್ನು ಚೆನ್ನಾಗಿ ತಡೆಯುವುದು ಸೆರಾಮಿಕ್ ಫಿಲ್ಮ್, ಅದೂ ಗಾಜನ್ನು ಹೆಚ್ಚು ಕಪ್ಪು ಮಾಡದೆ. ಬಣ್ಣ ಹಾಕಿದ ಅಗ್ಗದ ಫಿಲ್ಮ್ ಕೆಲವು ವರ್ಷಗಳಲ್ಲಿ ನೇರಳೆಗೆ ತಿರುಗಿ ಗುಳ್ಳೆ ಏಳುತ್ತದೆ. ಲೋಹದ ಪದರದ ಫಿಲ್ಮ್ ಟೋಲ್ ಟ್ಯಾಗಿಗೂ ಜಿಪಿಎಸ್‌ಗೂ ಅಡ್ಡ ಬರಬಹುದು. ದುಡ್ಡು ಸ್ವಲ್ಪ ಹೆಚ್ಚಾದರೂ ನಮ್ಮ ಓಟು ಸೆರಾಮಿಕ್‌ಗೆ. ಎಸ್‌ಯುವಿಯ ಹಿಂದಿನ ಗಾಜು ಕಾರ್ಖಾನೆಯಿಂದಲೇ ಕಪ್ಪಾಗಿ, ಸುಮಾರು 20ರ ಹತ್ತಿರ ಬರುತ್ತದೆ. ಅದರ ಮೇಲೆ 50ರ ಫಿಲ್ಮ್ ಹಚ್ಚಿದರೆ 10ಕ್ಕೆ ಇಳಿದು, ರಾತ್ರಿ ರಿವರ್ಸ್ ತೆಗೆಯುವಾಗ ಹಿಂದೆ ನಿಂತ ಮಗು ಕಾಣುವುದಿಲ್ಲ. ಅಲ್ಲಿಗೆ ಹೆಚ್ಚು ಬೆಳಕು ಬಿಡುವ ತಿಳಿ ಫಿಲ್ಮನ್ನೇ ಕೇಳಿ.

ವಿಂಡ್‌ಶೀಲ್ಡಿನ ಮೇಲ್ಪಟ್ಟಿಗೂ ಮಿತಿ ಇದೆ: ನ್ಯೂಯಾರ್ಕಿನಲ್ಲಿ 6 ಇಂಚು.

ಫಿಲ್ಮ್ ಹಚ್ಚುವುದು ಗಾಜಿನ ಒಳಮುಖಕ್ಕೆ, ಸೋಪು ನೀರಿನಲ್ಲಿ. ಆ ನೀರು ಆರುವ ತನಕ, ಅಂದರೆ 3ರಿಂದ 5 ದಿನ, ಕಿಟಕಿ ಇಳಿಸಬೇಡಿ. ಇಳಿಸಿದರೆ ಬಾಗಿಲಿನ ರಬ್ಬರು ಫಿಲ್ಮಿನ ಅಂಚನ್ನು ಎಬ್ಬಿಸುತ್ತದೆ. ಸಣ್ಣ ನೀರ್ಗುಳ್ಳೆಯೋ ಮಬ್ಬೋ ಚಳಿಗಾಲದಲ್ಲಿ ಕೆಲವು ವಾರ ಉಳಿದರೆ ಗಾಬರಿ ಬೇಡ. ಆದರೆ ಒಳಗೆ ಧೂಳಿನ ಕಣ ಸಿಕ್ಕಿಕೊಂಡಿದ್ದರೆ ಅದು ತಾನಾಗಿ ಹೋಗದು, ಕೂಡಲೇ ತೋರಿಸಿ. ಒರೆಸಲು ಅಮೋನಿಯಾ ಇಲ್ಲದ ಕ್ಲೀನರ್ ಬಳಸಿ. ಹಿಂದಿನ ಗಾಜಿನ ಹಳೆ ಫಿಲ್ಮನ್ನು ಬ್ಲೇಡಿನಿಂದ ಕೆರೆಯಲು ಬಿಡಬೇಡಿ, ಗಾಜಿನ ಮಂಜು ಕರಗಿಸುವ ಡಿಫ್ರಾಸ್ಟರ್‌ನ ತೆಳು ಗೆರೆಗಳು ಕತ್ತರಿಸಿ ಹೋಗುತ್ತವೆ. ಹಬೆ ಕೊಟ್ಟು ನಿಧಾನಕ್ಕೆ ಸುಲಿಯಬೇಕು.

ಹಳೆ ಕಾರು ಕೊಳ್ಳುವಾಗ ಮುಂದಿನ ಕಿಟಕಿಯನ್ನು ಎರಡು ಇಂಚು ಇಳಿಸಿ, ಮೇಲಂಚಿನ ಮೇಲೆ ಉಗುರು ಆಡಿಸಿ. ಫಿಲ್ಮ್ ಇದ್ದರೆ ತುದಿಗಿಂತ ಕೂದಲೆಳೆ ಕೆಳಗೆ ಅದರ ಅಂಚು ಉಗುರಿಗೆ ತಡೆಯುತ್ತದೆ. ಹಚ್ಚಿಸಿದವರು ಹಿಂದಿನ ಮಾಲೀಕರೇ ಆದರೂ ಟಿಕೆಟ್ (ದಂಡದ ಚೀಟಿ) ಬರುವುದು ನಿಮಗೆ. ನ್ಯೂಯಾರ್ಕಿನಲ್ಲಿ 2017ರಿಂದ ವಾರ್ಷಿಕ ಇನ್ಸ್‌ಪೆಕ್ಷನ್ನಿನಲ್ಲೇ ಟಿಂಟ್ ಅಳೆಯುತ್ತಾರೆ. ಟೆಕ್ಸಾಸಿನಲ್ಲಿ 2025ರಿಂದ ಸ್ವಂತ ಬಳಕೆಯ ಕಾರುಗಳಿಗೆ ಸೇಫ್ಟಿ ಇನ್ಸ್‌ಪೆಕ್ಷನ್ ಇಲ್ಲ, ಆದರೆ 25ರ ನಿಯಮ ಹಾಗೇ ಇದೆ.

ಪೊಲೀಸರು ನಿಲ್ಲಿಸಿದರೆ ಊರಿನ ಹಾಗೆ ಇಳಿದು ಅವರತ್ತ ಹೋಗಬೇಡಿ. ಬಲಕ್ಕೆ ನಿಲ್ಲಿಸಿ, ಎಲ್ಲ ಕಿಟಕಿ ಇಳಿಸಿ, ರಾತ್ರಿಯಾದರೆ ಒಳಗಿನ ದೀಪ ಹಾಕಿ, ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣುವಂತಿಡಿ. ಕ್ಯಾಲಿಫೋರ್ನಿಯಾದಲ್ಲಿ ಟಿಂಟಿಗೆ ಹೆಚ್ಚಾಗಿ ಸಿಗುವುದು ಫಿಕ್ಸ್-ಇಟ್ ಟಿಕೆಟ್: ಫಿಲ್ಮ್ ತೆಗೆಸಿ, ಪೊಲೀಸರಿಂದ ಸಹಿ ಹಾಕಿಸಿ, ಗಡುವಿನೊಳಗೆ 25 ಡಾಲರ್ ಶುಲ್ಕದ ಜೊತೆ ಕೋರ್ಟಿಗೆ ತಲುಪಿಸಿದರೆ ಮುಗಿಯಿತು. ಸಹಿ ಹಾಕಿಸಿ ಕೋರ್ಟಿಗೆ ಕಳಿಸದೆ ಸುಮ್ಮನಾದರೆ ಸಣ್ಣ ವಿಷಯ ದೊಡ್ಡದಾಗುತ್ತದೆ.

ಟಿಂಟಿನ ಮಾತು ಇರುವ ಕ್ಯಾಲಿಫೋರ್ನಿಯಾ ವಾಹನ ಕಾನೂನಿನ ಅದೇ 26708ನೇ ಸೆಕ್ಷನ್ನು, ಚಾಲಕರ ನೋಟಕ್ಕೆ ಅಡ್ಡವಾಗುವ ವಸ್ತುಗಳನ್ನೂ ನಿಷೇಧಿಸುತ್ತದೆ. ಕನ್ನಡಿಗೆ ನೇತುಹಾಕಿದ ಗಣಪತಿ, ನಿಂಬೆ-ಮೆಣಸಿನಕಾಯಿ ಎರಡಕ್ಕೂ ಇದು ಅನ್ವಯಿಸಬಹುದು. ಗಣಪತಿಯನ್ನು ಡ್ಯಾಶ್‌ಬೋರ್ಡಿನ ಮೇಲೆ, ರಸ್ತೆಯ ನೋಟಕ್ಕೂ ಏರ್‌ಬ್ಯಾಗಿಗೂ ಅಡ್ಡವಾಗದ ಕಡೆ, ಪುಟ್ಟದಾಗಿ ಕೂರಿಸಿ.